ಕೂತವ್ವನ ಗುಡ್ಡ

ಕಾರೆಹಟ್ಟಿಯಲ್ಲಿ ಬಸ್ಸಿಳಿದು ಪಡುವಣಕ್ಕೆ ತಿರುಗಿ ನಿಂತರೆ ಕಣ್ಣಿಗೆ ಬೀಳುವ ಬೋಳು ಗುಡ್ಡವೇ ಕೂತವ್ವನ ಗುಡ್ಡ. ಮರವಿಲ್ಲ, ನೆರಳಿಲ್ಲ, ಕಾರೆಮುಳ್ಳು, ಬಂದರೆಗಿಡ, ಅಲ್ಲಲ್ಲಿ ಬಾಯಿಬಿಟ್ಟ ಕೋಟೆಗೋಡೆ. ಅರ್ಧ ದಾರಿಯವರೆಗೆ ಈಗ ಸಿಮೆಂಟಿನ ಮೆಟ್ಟಿಲು ಹಾಕಿದ್ದಾರೆ. ಅಲ್ಲಿಂದ ಮೇಲಕ್ಕೆ ಬಂಡೆಯಲ್ಲೇ ಕಡಿದ ಹಳೆಯ ಮೆಟ್ಟಿಲು. ನೆತ್ತಿಯ ಬಯಲಿನಲ್ಲಿ ಮಂಚದಷ್ಟು ಅಗಲವಾದ ಒಂದು ಕಲ್ಲಿನ ಗದ್ದಿಗೆ ಇದೆ, ಅದರ ಸುತ್ತ ಐದು ಗುಳಿಗಳಿವೆ. ಗುಡಿಯಿಲ್ಲ, ಮೂರ್ತಿಯಿಲ್ಲ, ಕುಂಕುಮ ಹಚ್ಚಿದ ಗುರುತೂ ಇಲ್ಲ. ಗುಡ್ಡದ ಬುಡದಲ್ಲಿ ಮಾತ್ರ ಯಾರೋ ಪುಣ್ಯಾತ್ಮರು ಹಳದಿ ಬಣ್ಣದ ಬೋರ್ಡೊಂದನ್ನು ನಿಲ್ಲಿಸಿ, 'ಮಹಾರಾಣಿ ಕೂತಮ್ಮಾಜಿಯವರ ಸಿಂಹಾಸನ' ಎಂದು ಬರೆಸಿದ್ದಾರೆ. ಯಾವ ಮಹಾರಾಣಿ? ಯಾವ ಅಮ್ಮಾಜಿ? ಬರೆಸಿದವರ ಬಾಯಿಗೆ ಮಣ್ಣು ಹಾಕ! ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ಈ ಕಥೆಯನ್ನು ನನಗೆ ಹೇಳಿದವರು ನಮ್ಮತ್ತೆ ಸಣ್ಣಬೋರವ್ವ. ಅವರಿಗೆ ಹೇಳಿದವರು ಅವರ ಅತ್ತೆ. ಗಂಡಸರ ಬಾಯಲ್ಲಿ ಇದು ನಡೆದು ಬಂದಿಲ್ಲ; ಯಾಕೆಂದು ಕೇಳುತ್ತ ಹೋದಂತೆ ನಿಮಗೇ ತಿಳಿಯುತ್ತದೆ. ಅತ್ತೆ ಮೆತ್ತಗಿನ ಮಾತಿನವರು, ದನಕ್ಕೂ ಗದರಿದವರಲ್ಲ. ಆದರೆ ಈ ಕಥೆಯ ಐವರು ಹಿರಿಯರ ಸುದ್ದಿ ಬಂತೆಂದರೆ ಒರಳಿನಲ್ಲಿದ್ದ ಮೆಣಸಿನಕಾಯಿಗೆ ಗ್ರಹಚಾರ ಬಂತೆಂದೇ ತಿಳಿಯಬೇಕು, ಹಾಗೆ ಒನಕೆ ಹಾಕುತ್ತಿದ್ದರು. "ಸಿಟ್ಟು ಬರದಂಗೆ ಹೇಳಿದ್ರೆ ಈ ಕತೆ ಸುಳ್ಳಾಯ್ತದೆ ಕಣೆ" ಎನ್ನುತ್ತಿದ್ದರು. ನಾನೂ ಹಾಗೆಯೇ ಹೇಳುತ್ತೇನೆ. ನಯವಾಗಿ ಕೇಳಬೇಕೆನ್ನುವವರು ಬೋರ್ಡು ಓದಿಕೊಂಡು ಹೊರಡಲಿ.

ಹಿಂದೆ ಒಮ್ಮೆ ಈ ಸೀಮೆಯನ್ನು ಓಬಣನಾಯಕನೆಂಬ ಪಾಳೆಯಗಾರ ಆಳುತ್ತಿದ್ದ ಎನ್ನುತ್ತಾರೆ. ಅವನ ನ್ಯಾಯಸಭೆ ಸೇರುತ್ತಿದ್ದುದು ಈ ಗುಡ್ಡದ ನೆತ್ತಿಯ ಮೇಲೆ. ನಡುವೆ ಅವನ ಗದ್ದಿಗೆ. ಸುತ್ತ ಅವನ ಐವರು ಹಿರಿಯರಿಗೆ ಐದು ಕಲ್ಲಿನ ಪೀಠ. ಆ ಸಭೆಗೆ ಒಂದು ಕಟ್ಟಳೆಯಿತ್ತು. ಐವರು ಕೂಡಿ ತೀರ್ಪಿನ ಮಾತು ಆಡುವರು. ಗದ್ದಿಗೆಯ ಮೇಲೆ ಕೂತವನು ಅದನ್ನು ಕೇಳಿ ಎದ್ದು ನಿಲ್ಲುವನು. ಅವನು ಎದ್ದೊಡನೆ ಕೊಂಬಿನವನು ಕೊಂಬು ಊದುವನು. ಕೊಂಬು ಊದಿದ ಮೇಲೆ ಆ ಮಾತು ಕಲ್ಲಿನ ಮೇಲೆ ಕೊರೆದಂತೆ. ಅದಕ್ಕೆ ಮುಂಚೆ ಬರೀ ಬಾಯಿಮಾತು, ಅದರಂತೆ ಯಾರೂ ಒಂದು ಹುಲ್ಲುಕಡ್ಡಿಯನ್ನೂ ಸರಿಸುವಂತಿಲ್ಲ. ಗದ್ದಿಗೆಯವನು ಏಳುವ ಮೊದಲು ಐವರಲ್ಲಿ ಯಾರೂ ಏಳುವಂತಿಲ್ಲ. ಎದ್ದವನು ತನ್ನ ಪೀಠವನ್ನೂ ತಾನಾಡಿದ ಮಾತನ್ನೂ ಅಲ್ಲೇ ಬಿಟ್ಟು ಹೋದ ಎಂದೇ ಅರ್ಥ. ಮತ್ತೆ ಅವನಿಗೆ ಆ ಸಭೆಯಲ್ಲಿ ಜಾಗವಿಲ್ಲ. ಯಾವನೋ ಹಿಂದೆ ಸಿಟ್ಟಿನಲ್ಲಿ ಎದ್ದು ಕತ್ತಿ ಹಿರಿದಿದ್ದನಂತೆ, ಅಂದಿನಿಂದ ಆದ ಕಟ್ಟು ಇದು. ಇನ್ನು ಗದ್ದಿಗೆಯ ಮೇಲೆ ಕೂತವರನ್ನು ಯಾರೂ ಕೈಹಿಡಿದು ಎಬ್ಬಿಸುವಂತಿರಲಿಲ್ಲ.

ಓಬಣನಾಯಕ ಒಳ್ಳೆಯವನೇನಲ್ಲ. ಆ ಕಾಲದಲ್ಲಿ ರಾಗಿಯನ್ನು ಹಗೇವಿನಲ್ಲಿ ಹುಗಿದಿಡುತ್ತಿದ್ದರು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ, ಬಾಯಿ ಮುಚ್ಚಿ ಮೇಲೆ ಮಣ್ಣೆಳೆದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ನಾಯಕನ ಆಳುಗಳು ಆ ಹಗೇವುಗಳನ್ನೇ ಅಗೆದು ಅರ್ಧಕ್ಕರ್ಧ ಹೊತ್ತೊಯ್ಯುತ್ತಿದ್ದರಂತೆ. ಜನ ತಡೆದರು, ತಡೆದರು, ಒಂದು ಸುಗ್ಗಿಯಲ್ಲಿ ತಡೆಯಲಾರದೆ ಕುಡುಗೋಲು ಹಿಡಿದು ಗುಡ್ಡ ಏರಿದರು. ಹೆಬ್ಬಾಗಿಲ ಕಾವಲಿಗಿದ್ದವನು ಬೇಡರ ಕಾಟಯ್ಯ. ಅವನು ಬಾಗಿಲ ಅಗುಳಿ ಸರಿಸಿ, "ಬನ್ನಿ, ನನ್ನ ಹಗೇವನ್ನೂ ಅಗೆದವ್ನೆ" ಎಂದನಂತೆ. ಅಷ್ಟೇ. ನಾಯಕ ಹಿಂದಿನ ಕಳ್ಳದಾರಿಯಲ್ಲಿ ಇಳಿದು ಓಡಿಹೋದ. ಆಗ ನೋಡಬೇಕಿತ್ತು ಆ ಐವರು ಹಿರಿಯರ ನಾಟಕವನ್ನು! ನೆನ್ನೆಯವರೆಗೆ ನಾಯಕನ ಎಲೆಯಲ್ಲೇ ಕೈಯಿಟ್ಟು ಉಂಡವರು, ಹಗೇವು ಎಲ್ಲಿದೆ ಎಂದು ಆಳುಗಳಿಗೆ ಬೆರಳು ಮಾಡಿ ತೋರಿಸಿದವರು, ಅಂದು ತಾವೂ ಹೆಗಲ ಮೇಲೆ ಕುಡುಗೋಲು ಇಟ್ಟುಕೊಂಡು ಜನರ ಮುಂದೆ ಬಂದು ನಿಂತರು. "ಇನ್ನು ಈ ಸೀಮೆಗೆ ನಾಯಕನಿಲ್ಲ, ಜನವೇ ನಾಯಕ" ಎಂದು ಕೂಗಿದರು. ಜನ ನಂಬಿತು. ಹೊಟ್ಟೆ ತುಂಬುತ್ತದೆ ಎಂದರೆ ಯಾರು ನಂಬುವುದಿಲ್ಲ ಹೇಳಿ.

ಐವರ ಮುಂದಾಳು ದಳವಾಯಿ ಹಂಪಣ್ಣ. ಉಳಿದ ನಾಲ್ವರ ಹೆಸರನ್ನು ಅತ್ತೆ ಹೇಳುತ್ತಿರಲಿಲ್ಲ. ಹೇಳಿ ಬಾಯಿ ಯಾಕೆ ಹೊಲಸು ಮಾಡಿಕೊಳ್ಳಲಿ ಎನ್ನುತ್ತಿದ್ದರು. ಐವರೂ ಪೀಠದಲ್ಲಿ ಕೂತು ಅಪ್ಪಣೆ ಹೊರಡಿಸಿದರೆ, ಊರವರು "ನೀವ್ಯಾರು ಹೇಳೋಕೆ?" ಎಂದರಂತೆ. ಗದ್ದಿಗೆ ಬರಿದಾಗಿತ್ತು, ಏಳುವವರಿರಲಿಲ್ಲ, ಕೊಂಬು ಊದುವಂತಿರಲಿಲ್ಲ. ಐವರಲ್ಲಿ ಒಬ್ಬ ಕೂರೋಣವೆಂದರೆ ಉಳಿದ ನಾಲ್ವರು ಬಿಟ್ಟಾರೆಯೇ? ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಕೊನೆಗೆ ಒಂದು ಉಪಾಯ ಹೂಡಿದರು. ಗದ್ದಿಗೆಯ ಮೇಲೆ ಬಾಯಿಲ್ಲದವರನ್ನು ಕೂರಿಸಬೇಕು. ಜನ ಅವರನ್ನು ಕಂಡು ಕೈಮುಗಿಯಬೇಕು. ಮಾತು ತಮ್ಮದು, ಏಳುವುದು ಅವರದು. ಹಳೆಯ ಕಟ್ಟಳೆಯಲ್ಲಿ ಒಂದನ್ನೂ ಬಿಡದೆ ಕೋಟೆಯ ದೇವತೆ ಕೋಟೆಯವ್ವನ ಮುಂದೆ ಐವರೂ ಆಣೆಯಿಟ್ಟು ಒಪ್ಪಿಕೊಂಡರು. ಅದಕ್ಕೊಂದು ಬಾಲವನ್ನೂ ಸೇರಿಸಿದರು: ಕಟ್ಟಳೆ ಮುರಿದವನ ಹೊಲಮನೆಯನ್ನು ಉಳಿದ ನಾಲ್ವರು ಹಂಚಿಕೊಳ್ಳಬಹುದು. ಎಲ್ಲಿ ಒಬ್ಬ ಗದ್ದಿಗೆಯವರನ್ನು ಎಳೆದುಹಾಕಿ ತಾನೇ ಕೂತುಬಿಡುತ್ತಾನೋ ಎಂಬ ಭಯ ಒಬ್ಬೊಬ್ಬನಿಗೂ. ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಂಡದ್ದು ಅವತ್ತೇ. ಪಾಪ, ಅವರಿಗೆ ತಿಳಿಯಲಿಲ್ಲ.

ಕೂರಿಸಲು ಅವರು ಹುಡುಕಿ ತಂದದ್ದು ಕೆಳಗಿನ ಹಟ್ಟಿಯ ಸೂಲಗಿತ್ತಿ ಪಾಲವ್ವನನ್ನು. ವಯಸ್ಸಾದ ವಿಧವೆ, ಮಕ್ಕಳಿಲ್ಲ, ಹಿಂದೆಮುಂದೆ ಯಾರೂ ಇಲ್ಲ. ಆದರೆ ಊರಿನಲ್ಲಿ ಅವಳ ಕೈಮೇಲೆ ಹುಟ್ಟದವರೇ ಇರಲಿಲ್ಲ. ಮೇಲಿನ ಕೇರಿಯೆನ್ನದೆ ಕೆಳಗಿನ ಹಟ್ಟಿಯೆನ್ನದೆ ಕರೆದಲ್ಲಿಗೆ ಹೋಗಿ, ನೋವು ಮುಗಿಯುವವರೆಗೆ ಬಸುರಿಯ ಪಕ್ಕದಲ್ಲಿ ಕದಲದೆ ಕೂರುವವಳು. ಅವಳನ್ನು ಬೇಡವೆನ್ನಲು ಯಾರ ಬಾಯಿ ಬಂದೀತು? ಹಂಪಣ್ಣನೇ ಗುಡಿಸಲಿಗೆ ಹೋಗಿ ಕರೆದ. "ನಂಗೇನು ತಿಳಿದಾತು ಕಣಪ್ಪ, ರಾಜ್ಯದ ವಿಚಾರ?" ಎಂದಳು ಪಾಲವ್ವ. "ತಿಳಿಯೋದೇನೂ ಬ್ಯಾಡ ಕಣವ್ವ. ಕೂರೋದು, ಏಳೋದು. ಅಷ್ಟೇಯ" ಎಂದ ಅವನು. ಅವಳ ತಲೆಯ ಮೇಲೆ ಸತ್ತಿಗೆ ಹಿಡಿದರು, ಕೈಗೆ ಬೆಳ್ಳಿಯ ಬೆತ್ತ ಕೊಟ್ಟರು, ಗುಡ್ಡದ ಮೇಲಿನ ನಾಯಕನ ಮನೆಯಲ್ಲೇ ಇರಿಸಿ ಅಲ್ಲಿಯ ಜರಿಸೀರೆ ಉಡಿಸಿದರು. ಮೊದಲನೆಯ ಸಭೆಯಲ್ಲಿ ನಾಯಕನ ಸೆರೆಯಾಳುಗಳನ್ನು ಬಿಡಬೇಕೆಂದು ತೀರ್ಪಾಯಿತು. ಪಾಲವ್ವ ಎದ್ದಳು, ಕೊಂಬು ಊದಿತು, ಜನ ಸಂತೋಷದಿಂದ ಅತ್ತರು. ಅವಳೂ ಅತ್ತಳು ಎನ್ನುತ್ತಾರೆ.

ಆಮೇಲೆ ಶುರುವಾಯಿತು ನೋಡಿ. ಕಾವಲಿಗೆ ಬೇಕೆಂದು ಬೆಳೆಯಲ್ಲಿ ಒಂದು ಪಾಲು, ಪಾಲವ್ವ ಎದ್ದಳು. ಕೋಟೆ ದುರಸ್ತಿಗೆಂದು ಇನ್ನೊಂದು ಪಾಲು, ಎದ್ದಳು. ಪಾಲು ಕೊಡದವರ ಎತ್ತು ಹೊಡೆದುಕೊಂಡು ಬರಬೇಕೆಂದು ತೀರ್ಪಾಯಿತು, ಆಗಲೂ ಎದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ಇಲ್ಲಿ ಐದು ಬೇಲಿ. ಸೆರೆಯಾಳುಗಳಿಗೆ ಕೊಂಬು ಊದಿದಾಗ ಕೈಮುಗಿದ ಜನವೇ ಅವಳ ಬೆನ್ನ ಹಿಂದೆ ಉಗಿಯತೊಡಗಿತು. ಇದಕ್ಕೂ ಹೆಚ್ಚಿನ ಕೇಡು ಇನ್ನೊಂದಿತ್ತು. ಹೆರಿಗೆಯ ಪುರುಡು ಗದ್ದಿಗೆಗೆ ತಾಗಬಾರದೆಂದು ಹೇಳಿ ಹಂಪಣ್ಣ ಅವಳನ್ನು ಹೆರಿಗೆಮನೆಗೆ ಹೋಗದಂತೆ ತಡೆದಿದ್ದ. ಆ ಕಾಲದ ಗಂಡಸರಿಗೆ ಪುರುಡು ಎಂದರೆ ಹಾವು ಕಂಡಂತೆ. ಹೆರಿಗೆಯನ್ನು ಕಣ್ಣಾರೆ ಕಂಡವನ ಕೈಯಲ್ಲಿ ಕತ್ತಿ ನಿಲ್ಲುವುದಿಲ್ಲ, ಅವನನ್ನು ದೇವರ ಮುಂದೆ ನಿಲ್ಲಿಸುವಂತಿಲ್ಲ ಎಂದು ನಂಬಿದ್ದರು. ಇವರೆಲ್ಲ ಏನು ಮುಗಿಲಿನಿಂದ ಉದುರಿದ್ದರೇ? ಆ ವರ್ಷ ಕೆಳಗಿನ ಹಟ್ಟಿಯಲ್ಲಿ ಒಬ್ಬ ಹೆಂಗಸು ಮಗು ಅಡ್ಡ ತಿರುಗಿ ಸತ್ತಳು. ಪಾಲವ್ವನ ಕೈ ಇದ್ದಿದ್ದರೆ ಉಳಿಯುತ್ತಿದ್ದಳು. ಪಾಲವ್ವ ಆ ಹೊತ್ತಿನಲ್ಲಿ ಸತ್ತಿಗೆಯ ಕೆಳಗೆ ಕೂತು, ಐವರ ಪೈಕಿ ಯಾವನೋ ಒಬ್ಬನ ಹೊಲದ ಬದುವಿನ ತಕರಾರು ಕೇಳುತ್ತಿದ್ದಳಂತೆ. ಇದನ್ನು ಹೇಳುವಾಗ ನಮ್ಮತ್ತೆ ಒನಕೆಯನ್ನು ಇನ್ನೂ ಜೋರಾಗಿ ಹಾಕುತ್ತಿದ್ದರು.

ಮರುವರ್ಷದ ಸುಗ್ಗಿಗೆ ಐವರ ಆಳುಗಳು ಹಾರೆ ಹಿಡಿದು ಕೆಳಗಿನ ಹಟ್ಟಿಯ ಹಗೇವು ಅಗೆಯಲು ಬಂದರು. ಹೆಬ್ಬಾಗಿಲು ತೆರೆದಿದ್ದ ಅದೇ ಕಾಟಯ್ಯ ಹಗೇವಿನ ಬಾಯಿಯ ಮೇಲೆ ಅಡ್ಡ ಮಲಗಿಬಿಟ್ಟ. "ಒಬ್ಬನಿಗೆ ಕೊಡೋಕಾಗ್ದು ಅಂತ ಬಾಗ್ಲು ತೆಗೆದೆ. ಐದು ಜನಕ್ಕೆ ಕೊಡೋಕೆ ತೆಗೀಲಿಲ್ಲ ಕಣ್ರಲಾ" ಎಂದ. ಅವನನ್ನು ಕಟ್ಟಿ ಎಳೆದೊಯ್ದರು. ಗುಡ್ಡದ ಬಡಗಣ ಅಂಚಿನಲ್ಲಿ ತಳ್ಳುಗಲ್ಲು ಎಂಬ ಬಂಡೆಯಿದೆ. ನಾಯಕನ ಕಾಲದಲ್ಲಿ ಕಳ್ಳರನ್ನು ಅಲ್ಲಿಂದ ಕೆಳಕ್ಕೆ ತಳ್ಳುತ್ತಿದ್ದರು. ಕಾಟಯ್ಯನಿಗೂ ಅದೇ ಗತಿ ಕಾಣಿಸಬೇಕೆಂದು ಐವರೂ ಒಳಗೊಳಗೇ ಮಾತಾಡಿಕೊಂಡರು. ಸುದ್ದಿ ಊರಿಗೆಲ್ಲ ಗೊತ್ತಾಯಿತು, ಊರು ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡು ಬಾಯಿ ಮುಚ್ಚಿಕೊಂಡು ಕೂತಿತು.

ಬಾಯಿ ಬಿಟ್ಟವಳು ಒಬ್ಬಳೇ, ಕಾಟಯ್ಯನ ಹೆಂಡತಿ ಈರಕ್ಕ. ದಿನ ತುಂಬಿದ ಬಸುರಿ. ಸಭೆಯ ಹಿಂದಿನ ದಿನ ಮಧ್ಯಾಹ್ನ ಉಸಿರು ಬಿಡುತ್ತ ಪಾಲವ್ವನ ಬಾಗಿಲಿಗೆ ಬಂದಳು. ಪಾಲವ್ವ ಅವಳ ಮುಖ ನೋಡುವುದಕ್ಕೂ ಮೊದಲು ಹೊಟ್ಟೆ ನೋಡಿದಳಂತೆ, ಕೈಯ ರೂಢಿ. "ಕೆಳಕ್ಕಿಳಿದೈತೆ ಕಣೇ. ಇವತ್ತೋ ನಾಳೆಯೋ. ಗುಡ್ಡ ಹತ್ತಿ ಯಾಕೆ ಬಂದೆ?" ಎಂದಳು. ಈರಕ್ಕ ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. "ನಾಳೆ ನೀನು ಎದ್ರೆ ನನ್ನ ಗಂಡ ಸಾಯ್ತಾನೆ. ಏಳಬ್ಯಾಡ" ಎಂದಳು. ಪಾಲವ್ವ ತನ್ನದೇನಿದೆ, ಮಾತು ಆಡುವವರು ಅವರಲ್ಲವೇ ಎಂದು ಗೊಣಗಿದಳು. ಈರಕ್ಕನಿಗೆ ರೇಗಿತು. "ಅವರು ಬರೀ ಮಾತಾಡ್ತಾರೆ. ನೀನು ಎದ್ದಾಗ ತಾನೇ ಕೊಂಬು ಊದೋದು? ನಮ್ಮ ಎತ್ತು ಹೋಗಿದ್ದು ಅವರ ಮಾತಿಂದ ಅಲ್ಲ, ನೀನು ಎದ್ದಿದ್ದರಿಂದ. ತಿಳೀತಾ?" ಎಂದವಳೇ ಬಂದ ದಾರಿಯಲ್ಲಿ ಇಳಿದು ಹೋದಳು. ಪಾಲವ್ವ ಅವತ್ತು ಉಣ್ಣಲಿಲ್ಲ ಎನ್ನುತ್ತಾರೆ.

ಬೆಳಗಾದಾಗ ಸಭೆ ಸೇರಿತು. ಊರೆಲ್ಲ ಗುಡ್ಡದ ಮೇಲೆ. ಕಾಟಯ್ಯನನ್ನು ಕೈಕಟ್ಟಿ ತಳ್ಳುಗಲ್ಲಿನ ಬಳಿ ನಿಲ್ಲಿಸಿದ್ದರು. ಐವರು ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು, ಕೊನೆಗೆ ಹಂಪಣ್ಣ ತೀರ್ಪು ಹೇಳಿದ. ಕೊಂಬಿನವನು ಕೊಂಬನ್ನು ತುಟಿಗಿಟ್ಟುಕೊಂಡು ಗದ್ದಿಗೆಯ ಕಡೆ ನೋಡಿದ. ಪಾಲವ್ವ ಕೂತೇ ಇದ್ದಳು. ಮುದುಕಿಗೆ ಕೇಳಿಸಲಿಲ್ಲವೇನೋ ಎಂದು ಹಂಪಣ್ಣ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. ಪಾಲವ್ವ ಸೀರೆಯ ನೆರಿಗೆ ಸರಿಮಾಡಿಕೊಂಡು ಕಾಲು ಮಡಚಿ, ಚಕ್ಕಳಮಕ್ಕಳ ಹಾಕಿ ಕೂತಳು. "ಏಳವ್ವ" ಎಂದ. "ಏಳಾಕಿಲ್ಲ" ಎಂದಳು. "ಕಾಟನನ್ನ ಬಿಡ್ತೀವಿ ಅನ್ನು, ಏಳ್ತೀನಿ. ನಂಗೆ ತೀರ್ಪು ಹೇಳೋ ಬಾಯಿಲ್ಲ, ನೀವೇ ಇಟ್ಟಿಲ್ಲ. ಏಳೋ ಕಾಲು ಮಾತ್ರ ನಂದು" ಎಂದಳಂತೆ.

ಐವರ ಮುಖ ಸುಟ್ಟ ಬದನೆಕಾಯಿ. ಬಿಡುತ್ತೇವೆ ಎಂದರೆ ನಾಳೆ ಪ್ರತಿ ಹಟ್ಟಿಯವರೂ ಹಗೇವಿನ ಮೇಲೆ ಮಲಗುತ್ತಾರೆ. ಮುದುಕಿಯನ್ನು ಎತ್ತಿ ನಿಲ್ಲಿಸೋಣವೆಂದರೆ ಆಣೆಯಿದೆ; ಯಾರು ಕೈ ಹಾಕುತ್ತಾರೋ ಅವರ ಹೊಲಮನೆ ನುಂಗಲು ಉಳಿದ ನಾಲ್ವರು ಬಾಯಿ ತೆರೆದುಕೊಂಡು ಕೂತಿದ್ದಾರೆ. ಎದ್ದು ಮನೆಗೆ ಹೋಗೋಣವೆಂದರೆ ಪೀಠ ಹೋಗುತ್ತದೆ. ಹಾಗಾಗಿ ಅವರೂ ಕೂತರು. ಬಿಸಿಲು ಏರಿತು. ಬಂಡೆ ಕಾದ ಹಂಚಾಯಿತು. ಸತ್ತಿಗೆಯಿದ್ದದ್ದು ಪಾಲವ್ವನ ತಲೆಗೆ ಮಾತ್ರ. ಅದೂ ಅವರೇ ಮಾಡಿದ ಮರ್ಯಾದೆ! ಹೊತ್ತು ಮುಂದಕ್ಕೆ ಹೋದಂತೆ ಐವರೂ ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಭಾರ ಹಾಕತೊಡಗಿದರು. ಬೆಳಿಗ್ಗೆ ಮಜ್ಜಿಗೆ ಕುಡಿದು ಬಂದವನ ಪಾಡನ್ನಂತೂ ಕೇಳಲೇಬೇಡಿ. ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಪಾಲವ್ವ ಮಾತ್ರ ಅಲ್ಲಾಡಲಿಲ್ಲ. "ನಿಮ್ಮ ಹೆರಿಗೇಲೂ ಹಿಂಗೇ ಕೂತಿದ್ದೆ ಕಣ್ರಪ್ಪ. ಹಂಪಣ್ಣ, ನೀನು ನಿಮ್ಮವ್ವನ್ನ ಎಷ್ಟು ಗೋಳಾಡಿಸಿದ್ದೆ ಅನ್ನೋದು ನಂಗೆ ಗೊತ್ತು. ಆ ಪುಣ್ಯಾತಗಿತ್ತಿ ಇವತ್ತು ಇದ್ದಿದ್ರೆ ನಿನ್ನ ಕೆನ್ನೆಗೆ ಹೊಡೀತಿದ್ಲು" ಎಂದಳು.

ಸೂರ್ಯ ಪಡುವಣಕ್ಕೆ ವಾಲುವ ಹೊತ್ತಿಗೆ ಕೆಳಗಿನ ಹಟ್ಟಿಯಿಂದ ಒಬ್ಬಳು ಓಡಿಬಂದಳು. ಈರಕ್ಕನಿಗೆ ನೋವು ಎದ್ದಿದೆ, ನೀರು ಒಡೆದಿದೆ, ಮಗು ಬರುತ್ತಿಲ್ಲ. ಹಂಪಣ್ಣನ ಮುಖ ಅರಳಿದ್ದನ್ನು ಊರೆಲ್ಲ ಕಂಡಿತು. ಪುರುಡು ತಾಗುತ್ತದೆ ಎಂದು ಅವಳ ಕೈ ಕಟ್ಟಿಹಾಕಿದ್ದ ಅದೇ ಮನುಷ್ಯ, ಜೇನು ಸುರಿಯುವ ದನಿಯಲ್ಲಿ, "ಹೋಗವ್ವ ತಾಯಿ, ಹೆರಿಗೆ ಕರೆ ಬಂದೈತೆ. ಕಟ್ಟಳೆ ಇವತ್ತೊಂದಿನ ಇರ್ಲಿ ಬಿಡು. ಎರಡು ಜೀವದ ಮಾತು" ಎಂದ. ಥೂ ನಿನ್ನ! ಗಂಡನನ್ನು ತಳ್ಳಲು ಹೆಂಡತಿಯ ಹೆರಿಗೆನೋವನ್ನೇ ಹಿಡಿಕೆ ಮಾಡಿಕೊಂಡವನಿಗೆ ಏನೆನ್ನಬೇಕು? ಎದ್ದರೆ ಕಾಟಯ್ಯ ಹೋದ. ಏಳದಿದ್ದರೆ ಈರಕ್ಕ ಹೋದಳು, ಮಗುವೂ ಹೋಯಿತು. ಪಾಲವ್ವ ಹೆರಿಗೆ ಕರೆಗೆ ತಾನಾಗಿ ಎಂದೂ ಇಲ್ಲವೆಂದವಳಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳ ಕೈಯಿಂದ ಬೆತ್ತ ಜಾರಿ ಕೆಳಗೆ ಬಿತ್ತಂತೆ. ಅದನ್ನು ಎತ್ತಿಕೊಂಡು ಊರಿ ಇನ್ನೇನು ಎದ್ದುಬಿಡುತ್ತಾಳೆ ಎಂದು ಕೊಂಬಿನವನು ಉಸಿರು ಎಳೆದುಕೊಂಡನಂತೆ. ಬಿದ್ದ ಬೆತ್ತವನ್ನು ಪಾಲವ್ವ ನೋಡಲೂ ಇಲ್ಲ. ಹೆಂಗಸರ ಕಡೆ ತಿರುಗಿ, "ಏನ್ ನೋಡ್ತಾ ನಿಂತಿದ್ದೀರೇ? ಕಂಬಳಿ ತಗೊಂಡು ಹೋಗಿ. ಇಲ್ಲಿಗೇ ಹೊತ್ಕೊಂಡು ಬನ್ನಿ" ಎಂದು ಅರಚಿದಳು.

ಹೊತ್ತು ತಂದರು. ಮೇಲಿನ ಕೇರಿಯವರು, ಕೆಳಗಿನ ಹಟ್ಟಿಯವರು, ಒಬ್ಬರ ನೀರು ಒಬ್ಬರು ಮುಟ್ಟದವರು ಆ ಕಂಬಳಿಯ ಅಂಚನ್ನು ಕೂಡಿ ಹಿಡಿದು ಮೆಟ್ಟಿಲು ಹತ್ತಿದರು. ಅರ್ಧ ದಾರಿಯಲ್ಲಿ ನೋವು ಬಂದಾಗ ಇಳಿಸಿದರು, ನಿಂತಾಗ ಮತ್ತೆ ಹೊತ್ತರು. ಈರಕ್ಕನನ್ನು ನೇರ ಸಭೆಯ ನಡುವೆ ತಂದು ಗದ್ದಿಗೆಯ ಮೇಲೆಯೇ ಕೂರಿಸಿದರು. ಅಗಲವಾದ ಗದ್ದಿಗೆ ತಾನೇ. ಪಾಲವ್ವ ಕೂತಲ್ಲೇ ಒಂದಿಷ್ಟು ಜರುಗಿ ಜಾಗ ಮಾಡಿದಳು. ಜರಿಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಳು, ಹರಳೆಣ್ಣೆಯಲ್ಲಿ ಕೈ ಅದ್ದಿದಳು. ಈರಕ್ಕನ ಮೊದಲ ಕೂಗಿಗೇ ಊರ ಗಂಡಸರೆಲ್ಲ ಮುಖ ತಿರುಗಿಸಿಕೊಂಡು ಗುಡ್ಡ ಇಳಿದರು. ಉಳಿದವರು ತಳ್ಳುಗಲ್ಲಿನ ಹತ್ತಿರ ಬೆನ್ನು ಮಾಡಿ ನಿಂತ ಕಾವಲಿನವರು, ಕಾಟಯ್ಯ, ಮತ್ತು ಈ ಐವರು. ಹೆಂಗಸರು ಸೀರೆ ಅಡ್ಡ ಹಿಡಿದು ಮರೆ ಮಾಡುತ್ತಾರೆ ಎಂದು ಐವರು ಕಾದರು. ಒಬ್ಬಳೂ ಹಿಡಿಯಲಿಲ್ಲ. ಪಾಲವ್ವ ಬೇಡವೆಂದಿದ್ದಳು.

ಮೊದಲು ಎದ್ದವನು ಮಜ್ಜಿಗೆ ಕುಡಿದವನು. ರುಮಾಲನ್ನು ಮುಖಕ್ಕೆ ಒತ್ತಿಕೊಂಡು, ಮೆಟ್ಟಿಲು ಎಲ್ಲಿದೆ ಎಂದು ಕಾಲಿನಲ್ಲೇ ತಡಕಿಕೊಂಡು ಓಡಿದ. ಅವನ ಹಿಂದೆ ಎರಡನೆಯವನು. ಮೂರನೆಯವನೂ ನಾಲ್ಕನೆಯವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಟ್ಟಿಗೇ ಎದ್ದರು. ಹಂಪಣ್ಣ ಗಟ್ಟಿ ಆಸಾಮಿ. ಕಣ್ಣು ಮುಚ್ಚಿ, ಕಿವಿಗೆ ಬೆರಳಿಟ್ಟು, ಪೀಠಕ್ಕೆ ಅಂಟಿಕೊಂಡು ಕೂತ. ಅವನೊಬ್ಬನ ಮಾತು ಉಳಿದರೂ ತೀರ್ಪು ಉಳಿಯುತ್ತದಲ್ಲ. ಆಗ ಮಗುವಿನ ತಲೆ ಕಂಡಿತು. ಪಾಲವ್ವ ತಲೆಯೆತ್ತದೆ, ಅಕ್ಕಪಕ್ಕದ ಹೆಂಗಸನ್ನು ಕರೆಯುವ ದನಿಯಲ್ಲೇ ಗಟ್ಟಿಯಾಗಿ, "ಹಂಪಣ್ಣ, ಸುಮ್ನೆ ಕೂತಿದ್ದೀಯಲ್ಲ, ಬಾ ಇಲ್ಲಿ. ಇವಳ ಕಾಲು ಹಿಡ್ಕೋ. ರಾಜ್ಯ ಎಲ್ಲ ಹಿಡ್ಕೊಂಡಿದ್ದೀಯ, ಒಂದು ಕಾಲು ಹಿಡಿಯೋಕಾಗಲ್ವಾ?" ಎಂದಳು. ಹೆಂಗಸರೆಲ್ಲ ಅವನ ಕಡೆ ತಿರುಗಿ ದಾರಿ ಬಿಟ್ಟರು. ದಳವಾಯಿ ಹಂಪಣ್ಣ, ಓಬಣನಾಯಕನ ಮುಂದೆಯೂ ಕಣ್ಣು ತಗ್ಗಿಸದ ಗಂಡು, ಎದ್ದು ಪಂಚೆ ಎತ್ತಿಕೊಂಡು ಓಡಿದ. ಅವನ ಒಂದು ಚಪ್ಪಲಿ ಅಲ್ಲೇ ಬಿತ್ತಂತೆ. ಗದ್ದಿಗೆಯ ಮೇಲೆ ಮಗು ಹುಟ್ಟಿತು. ಹೆಣ್ಣು ಮಗು. ಅದು ಅಳುವವರೆಗೂ ಪಾಲವ್ವ ಉಸಿರು ಬಿಡಲಿಲ್ಲ. ಅತ್ತ ಮೇಲೆ ಕಾವಲಿನವರಿಗೆ, "ಕಾಟನ ಕಟ್ಟು ಬಿಚ್ರೋ" ಎಂದಳು. ಅವರಲ್ಲೊಬ್ಬ ಬೆನ್ನು ತಿರುಗಿಸಿಕೊಂಡೇ, ಯಾರ ಅಪ್ಪಣೆ ಎಂದು ಕೇಳಿದ. "ಮಾತಾಡಿದ ಐವರೂ ಮಾತು ಬಿಟ್ಟು ಎದ್ದೋದ್ರು. ಈಗ ಗದ್ದಿಗೆ ಮ್ಯಾಲೆ ಬಾಯಿ ಬಿಟ್ಟಿದ್ದು ಈ ಕೂಸು. ಕೇಳಿಸ್ತಾ? ಅದೇ ಅಪ್ಪಣೆ" ಎಂದಳು ಪಾಲವ್ವ. ಕಟ್ಟು ಬಿಚ್ಚಿದರು.

ಪುರುಡಿನ ಹೆದರಿಕೆ ಕಡಿಮೆಯಾದ ಮೇಲೆ ಗಂಡಸರು ಒಬ್ಬೊಬ್ಬರಾಗಿ ಮೇಲೆ ಬಂದರು. ಬಂದು ಏನೆಂದರು ಗೊತ್ತೇ? "ಇನ್ಮೇಲೆ ನೀನೇ ನಮ್ಮ ರಾಣಿ, ನೀನೇ ಆಳವ್ವ" ಎಂದು ಕೈಮುಗಿದರು. ಪಾಲವ್ವ ಬಿದ್ದಿದ್ದ ಬೆಳ್ಳಿಬೆತ್ತವನ್ನು ಎತ್ತಿಕೊಂಡದ್ದು ಆಗಲೇ, ಹೊಡೆಯುವುದಕ್ಕೆ. "ಒಬ್ಬನ್ನ ಇಳಿಸಿದ್ರಿ, ಐವರನ್ನ ಏರಿಸಿದ್ರಿ, ಈಗ ನಾನಾ? ತಲೆ ಮ್ಯಾಲೆ ಕೂರೋಕೆ ಯಾರಾದ್ರೂ ಬೇಕೇ ಬೇಕಾ ನಿಮಗೆ? ನಾನು ಎದ್ದಾಗೆಲ್ಲ ನಿಮ್ಮ ಹಗೇವು ಬರಿದಾಯ್ತು. ಒಬ್ಬನಾದ್ರೂ ಎದುರಿಗೆ ಬಂದು ಏಳಬ್ಯಾಡ ಅಂದ್ನಾ? ಬೆನ್ನ ಹಿಂದೆ ಉಗಿದ್ರಿ. ಎದುರಿಗೆ ಹೇಳೋಕೆ ದಿನ ತುಂಬಿದ ಬಸುರಿ ಗುಡ್ಡ ಹತ್ತಬೇಕಾಯ್ತು. ನಾಚಿಕೆ ಆಗಲ್ವೇನ್ರೋ?" ಎಂದಳು. ಆಮೇಲೆ ಊರಿನ ಮುದುಕನೊಬ್ಬ ಮೆಲ್ಲಗೆ, ಗದ್ದಿಗೆಗೆ ಪುರುಡು ತಾಗಿದೆ, ತೊಳೆದು ಶುದ್ಧಿ ಮಾಡಿಸೋಣವೇ ಎಂದ. "ತೊಳೆದು ನೋಡ್ರಿ! ತೊಳೆದ್ರೆ ನಾಳೆ ಇನ್ನೊಬ್ಬ ಬಂದು ಕೂರ್ತಾನೆ. ಇದು ಹಿಂಗೇ ಇರಲಿ. ಮೈಲಿಗೆ ಆಗೇ ಇರಲಿ" ಎಂದು ಹೇಳಿ, ಮಗುವನ್ನು ಈರಕ್ಕನ ಮಡಿಲಿಗೆ ಹಾಕಿ, ಪಾಲವ್ವ ಎದ್ದಳು. ಕೊಂಬು ಊದಲಿಲ್ಲ. ಅವಳು ಇಳಿದು ಹೋಗಿ ಮತ್ತೆ ತನ್ನ ಹೆರಿಗೆ ಕೆಲಸವನ್ನೇ ಮಾಡಿಕೊಂಡಿದ್ದು ಸತ್ತಳು. ಏಳದೆ ಕೂತವಳೆಂದು ಜನ ಕೂತವ್ವ ಎಂದು ಕರೆದದ್ದು ಇವಳನ್ನೇ. ಐದು ಪೀಠಗಳನ್ನು ಹೆಂಗಸರು ಕಿತ್ತು ಉರುಳಿಸಿ ಕೆರೆಗೆ ತಂದು ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡರು. ಹಗೇವುಗಳ ಲೆಕ್ಕ ಊರು ಕೂತು ತಾನೇ ನೋಡಿಕೊಂಡಿತು. ಜಗಳವಾಡಿತು, ಆದರೂ ನೋಡಿಕೊಂಡಿತು. ಮುಂದೆ ಬೇರೆ ಪಾಳೆಯಗಾರರು ದಂಡು ಕಟ್ಟಿಕೊಂಡು ಬಂದದ್ದೂ ಉಂಟಂತೆ. ಗುಡ್ಡ ಹತ್ತಿ, ಗದ್ದಿಗೆಯ ಕಥೆ ಕೇಳಿ, ಮೂಗು ಮುಚ್ಚಿಕೊಂಡು ಇಳಿದರಂತೆ.

ಆ ಗದ್ದಿಗೆಯನ್ನು ಇವತ್ತಿಗೂ ಯಾರೂ ತೊಳೆಯುವುದಿಲ್ಲ. ಕಾರೆಹಟ್ಟಿಯಲ್ಲಿ ಹುಟ್ಟಿದ ಪ್ರತಿಯೊಂದು ಮಗುವನ್ನೂ, ಯಾವ ಜಾತಿಯದಾಗಲಿ ಯಾರ ಮನೆಯದಾಗಲಿ, ಬಾಣಂತಿ ಹೊರಗೆ ಕಾಲಿಟ್ಟ ಮೊದಲ ದಿನ ಮೇಲೆ ಒಯ್ದು ಅದರ ಮೇಲೆ ಬೆತ್ತಲೆ ಮಲಗಿಸುತ್ತಾರೆ. ಉಚ್ಚೆ ಹೊಯ್ದ ಮೇಲೆಯೇ ಎತ್ತಿಕೊಳ್ಳಬೇಕು. ಹೊಯ್ಯುವವರೆಗೆ ಅಜ್ಜಿಯಂದಿರು ಕಾಯುತ್ತಾರೆ, ಪುಸಲಾಯಿಸುತ್ತಾರೆ, ಹೊಯ್ದೊಡನೆ ನಗುತ್ತಾರೆ. ಒರೆಸುವಂತಿಲ್ಲ, ಬಿಸಿಲೇ ಒಣಗಿಸಬೇಕು. ನನ್ನ ಮಕ್ಕಳೂ ಮೊಮ್ಮಕ್ಕಳೂ ಅಲ್ಲಿ ಮಲಗಿದವರೇ. ನೂರಾರು ವರ್ಷಗಳಿಂದ ಹೀಗೆ ನಡೆದು ಕರಿಯ ಕಲ್ಲಿನ ನಡುವೆ ಬೆಳ್ಳಗಿನ ಒಂದು ಪಟ್ಟೆ ಮೂಡಿದೆ, ದೂರದಿಂದಲೇ ಕಾಣುತ್ತದೆ. ಭಾನುವಾರ ಪಟ್ಟಣದಿಂದ ಬರುವವರು, ಕೆಲವೊಮ್ಮೆ ಬಿಳಿ ಬಟ್ಟೆಯ ದೊಡ್ಡ ಮನುಷ್ಯರೂ, ನೇರ ಹೋಗಿ ಅದರ ಮೇಲೆ ಕಾಲಮೇಲೆ ಕಾಲು ಹಾಕಿ ಕೂತು, ಮೀಸೆ ತಿರುವಿ ಫೋಟೋ ತೆಗೆಸಿಕೊಳ್ಳುತ್ತಾರೆ. ಕೂತಾದ ಮೇಲೆ ಆ ಪಟ್ಟೆಯನ್ನು ಸವರಿ, ಇದು ಬೆಳ್ಳಿಯ ಹೊದಿಕೆಯ ಗುರುತಾ ಅಜ್ಜಿ ಎಂದು ಕೇಳುತ್ತಾರೆ. ನಾವು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇವೆ. ಇಲ್ಲಿಯವರೆಗೆ ಒಬ್ಬರೂ ಕೂತೇ ಉಳಿದದ್ದಿಲ್ಲ.